ಮೂರನೆಯ ತಂತಿ, ಆರನೆಯ ತಂತಿ

ಜೂನ್ 12

ಅಪ್ಪನಿಗೆ ನಮಸ್ಕಾರ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಫೋನ್ ಮಾಡಿ ಕೇಳಿದರೆ ಅಮ್ಮ, "ಚೆನ್ನಾಗಿದಾರೆ, ಈಗ ಸ್ಲೇಟಿನ ಮೇಲೆ ಬರೆದು ಬೈತಾರೆ" ಎನ್ನುತ್ತಾಳೆ. ನನಗೆ ಅಷ್ಟು ಸಾಲುವುದಿಲ್ಲ. ಗಂಟಲ ಆಪರೇಷನ್ ಆದ ಮೇಲೆ ನಿಮ್ಮ ದನಿಯಂತೂ ಫೋನಿನಲ್ಲಿ ಸಿಗುವುದಿಲ್ಲ, ಕೈಬರಹವಾದರೂ ಸಿಗಲಿ ಎಂದು ಈ ಕಾಗದ.

ನಾನು ಹೊರಟ ದಿನ ನೀವು ಗೋಡೆಯ ಕಡೆ ತಿರುಗಿ ಮಲಗಿದ್ದಿರಿ. ನಿದ್ದೆ ಬಂದಿಲ್ಲ ಎಂದು ನನಗೂ ಗೊತ್ತಿತ್ತು, ನನಗೆ ಗೊತ್ತು ಎಂದು ನಿಮಗೂ ಗೊತ್ತಿತ್ತು. ಅದನ್ನು ಈಗ ಕೆದಕುವುದು ಬೇಡ.

ಕೆಲಸದ ವಿಷಯ ಹೇಳುತ್ತೇನೆ. ಮೂರು ಮಹಡಿಯ ಆಸ್ಪತ್ರೆ. ಇಪ್ಪತ್ತನಾಲ್ಕು ಮೇಜು, ಇಪ್ಪತ್ತನಾಲ್ಕು ಕಂಪ್ಯೂಟರು. ಕೆಳಗಿನ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಫಲಿತಾಂಶ ಟೈಪು ಮಾಡಿದರೆ ಮೂರನೇ ಮಹಡಿಯ ನರ್ಸ್ ಮೇಜಿನ ಮೇಲೆ ಅದು ಕಾಣಬೇಕು. ಸದ್ಯಕ್ಕೆ ಹಿರಿಯ ನರ್ಸಮ್ಮ ಒಬ್ಬರು ಚೀಟಿ ಹಿಡಿದು ದಿನಕ್ಕೆ ಮೂವತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಅವರ ಮಂಡಿ ಕಟಕಟ ಎನ್ನುವುದು ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ.

ಮೆಟ್ಟಿಲ ಕೆಳಗೆ, ನೆಲ ಒರೆಸುವ ಕೋಲುಗಳನ್ನಿಡುವ ಗೂಡಿನಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಕೂರಿಸಿದ್ದಾರೆ. ಅದರ ಹೆಸರು ಸ್ವಿಚ್. ದೀಪ ಹಾಕುವ ಸ್ವಿಚ್ಚಲ್ಲ, ಇದಕ್ಕೆ ಇಪ್ಪತ್ತನಾಲ್ಕು ಕಿಂಡಿಗಳಿವೆ. ಒಂದು ಕಿಂಡಿಯಿಂದ ಒಂದು ಕೇಬಲ್ ಹೊರಟು ಒಂದೇ ಮೇಜಿಗೆ ಹೋಗುತ್ತದೆ. ಈ ಮೇಜಿನಿಂದ ಪಕ್ಕದ ಮೇಜಿಗೆ ಎಳೆದು ಮುಗಿಸುವ ಹಾಗಿಲ್ಲ. ಯಾರು ಯಾರೊಡನೆ ಮಾತಾಡಬೇಕಾದರೂ ಮೊದಲು ಈ ಪೆಟ್ಟಿಗೆಗೇ ಬರಬೇಕು, ಅದು ವಿಳಾಸ ನೋಡಿ ಸರಿಯಾದ ಕಿಂಡಿಗೆ ದಾಟಿಸುತ್ತದೆ. ನಿಮ್ಮ ಟೆಲಿಫೋನ್ ಎಕ್ಸ್‌ಚೇಂಜ್ ಇದ್ದ ಹಾಗೆಯೇ.

ಕೇಬಲ್ ಸುಲಿದು ನೋಡಿದರೆ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ನೀಲಿ, ಕಿತ್ತಳೆ, ಹಸಿರು, ಕಂದು, ಒಂದೊಂದಕ್ಕೂ ಅದದೇ ಬಣ್ಣದ ಪಟ್ಟೆಯ ಒಂದು ಬಿಳಿ ಜೊತೆಗಾರ. ನೋಡಿ ನಗು ಬಂತು. ನನಗೆ ಜಡೆ ಹಾಕುತ್ತ ನೀವು ಬಾಯಿಪಾಠ ಮಾಡಿಸಿದ್ದು ಇದೇ ಬಣ್ಣಗಳನ್ನಲ್ಲವೇ? ಬೇರೆ ಮಕ್ಕಳು ಮಗ್ಗಿ ಹೇಳುವಾಗ ನಾನು "ನೀಲಿ-ಕಿತ್ತಳೆ-ಹಸಿರು-ಕಂದು" ಹೇಳಿ ಟೀಚರ ಹತ್ತಿರ ಬೈಸಿಕೊಂಡಿದ್ದೆ.

ಒಂದು ಅನುಮಾನ. ಈ ಎಂಟು ತಂತಿಗಳನ್ನು ಸಾಲಾಗಿ ಹಿಡಿದು ಪ್ಲಗ್ಗಿನೊಳಗೆ ತೂರಿಸಬೇಕು. ನಮ್ಮ ಕಚೇರಿಯ ಗೋಡೆಯ ಮೇಲಿನ ಚಾರ್ಟಿನಲ್ಲಿ ಸಾಲು ವಿಚಿತ್ರವಾಗಿದೆ. ಮೊದಲು ಕಿತ್ತಳೆ ಜೋಡಿ, ಆಮೇಲೆ ಹಸಿರಿನ ಬಿಳಿ, ನಡುವೆ ನೀಲಿ ಜೋಡಿ, ಅದಾದ ಮೇಲೆ ಹಸಿರು, ಕೊನೆಗೆ ಕಂದು. ಹಸಿರನ್ನು ಅದರ ಜೊತೆಗಾರನಿಂದ ಬಿಡಿಸಿ ನಡುವೆ ನೀಲಿಯನ್ನು ಕೂರಿಸಿದ್ದಾರೆ. ಜೊತೆಯ ಕೆಲಸದವನನ್ನು ಕೇಳಿದರೆ, "ಎರಡೂ ತುದಿ ಒಂದೇ ಥರ ಇದ್ರೆ ಸಾಕು, ಬಣ್ಣ ಯಾವ್ದಾದ್ರೇನು" ಎಂದು ಹೇಳಿ ಬೇರೆ ಊರಿನ ಕೆಲಸಕ್ಕೆ ಹೊರಟುಹೋದ. ನೀವೇನು ಹೇಳುತ್ತೀರಿ?

ಸೆಪ್ಟೆಂಬರ್ ಕೊನೆಯವರೆಗೆ ನನ್ನನ್ನು ಪರೀಕ್ಷೆಗಿಟ್ಟಿದ್ದಾರೆ. ಈ ಆಸ್ಪತ್ರೆಯ ಕೆಲಸ ಸರಿಯಾಗಿ ಮುಗಿದರೆ ಖಾಯಂ, ಇಲ್ಲದಿದ್ದರೆ ಮನೆಗೆ.

ನಿಮ್ಮ ಮೊಂಡಿ


ಜೂನ್ 20

ಮೊಂಡಿಗೆ,

ಕಾಗದ ಬಂತು. ಅಕ್ಷರ ಸುಧಾರಿಸಿಲ್ಲ.

ನನ್ನ ಆರೋಗ್ಯ ಹೀಗಿದೆ: ಕತ್ತಿನ ಮುಂದೆ ಒಂದು ತೂತು, ಅದರಿಂದಲೇ ಉಸಿರು, ಅದರ ಮೇಲೊಂದು ಬಟ್ಟೆ. ಊಟ ಸೇರುತ್ತದೆ. ಹೊರಗೆ ಹೋಗುವುದಿಲ್ಲ. ಜನ ಕತ್ತು ನೋಡುತ್ತಾರೆ, ಆಮೇಲೆ ನಾನು ಕಿವುಡ ಎಂದುಕೊಂಡು ಕಿರುಚುತ್ತಾರೆ. ಕಿವಿ ಚೆನ್ನಾಗಿದೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸುವಷ್ಟರಲ್ಲಿ ಹೊರಟೇ ಹೋಗಿರುತ್ತಾರೆ.

ನಿನ್ನ ಅನುಮಾನಕ್ಕೆ ಉತ್ತರ. ತಂತಿಗಳನ್ನು ಎರಡೆರಡಾಗಿ ಯಾಕೆ ಹೆಣೆಯುತ್ತಾರೆ? ಹತ್ತಿರದಲ್ಲಿ ಮೋಟಾರು ಓಡಿದರೆ, ಪಕ್ಕದ ಲೈನಿನಲ್ಲಿ ಯಾರೋ ಮಾತಾಡಿದರೆ, ಆ ಗದ್ದಲ ತಂತಿಗೆ ಹತ್ತುತ್ತದೆ. ಹೆಣೆದ ಜೋಡಿಯಾದರೆ ಎರಡಕ್ಕೂ ಒಂದೇ ಸಮ ಹತ್ತುತ್ತದೆ, ಕೊನೆಯಲ್ಲಿ ಒಂದರದನ್ನು ಇನ್ನೊಂದು ಹೊಡೆದುಹಾಕುತ್ತದೆ. ಆಗ ಉಳಿಯುವುದು ಮಾತು ಮಾತ್ರ. ಹಾಗಾಗಿ ಜೋಡಿಯನ್ನು ಎಂದೂ ಒಡೆಯಬಾರದು. ಮೂವತ್ತೊಂದು ವರ್ಷ ನಾನು ಒಂದು ಜೋಡಿಯನ್ನೂ ಒಡೆದವನಲ್ಲ.

ಆ ಚಾರ್ಟು ಬರೆದವನು ಜನ್ಮದಲ್ಲಿ ಕಂಬ ಹತ್ತಿದವನಲ್ಲ. ಅಚ್ಚಿನ ತಪ್ಪೂ ಇರಬಹುದು. ನೀನು ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಕ್ರಮವಾಗಿ, ಬಿಳಿ ಮುಂದೆ ಬಣ್ಣ ಹಿಂದೆ, ಅಕ್ಕಪಕ್ಕ ಕೂರಿಸು. ಎರಡೂ ತುದಿಯಲ್ಲಿ ಹಾಗೇ ಮಾಡು. ಯಾರಾದರೂ ಕೇಳಿದರೆ ನಮ್ಮಪ್ಪ ಲೈನ್‌ಮನ್ ಎನ್ನು.

ಅಪ್ಪ

(ನಿಮ್ಮಪ್ಪ ಈ ಕಾಗದವನ್ನು ಮೂರು ಸಲ ಹರಿದು ಹಾಕಿ ನಾಲ್ಕನೇ ಸಲ ಬರೆದಿದ್ದಾರೆ. ನಾನು ಬರೆದೆ ಎಂದು ಅವರಿಗೆ ಹೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ)


ಜುಲೈ 9

ಅಪ್ಪನಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಹದಿನಾರು ಲೈನ್ ಮುಗಿದಿವೆ.

ಕ್ರಮ ಹೀಗೆ: ಮೊದಲು ಗೂಡಿನಿಂದ ಮೇಜಿನವರೆಗೆ ದಾರಿ ಗುರುತು ಮಾಡುವುದು. ಒಂದು ಕೇಬಲ್ ನೂರು ಮೀಟರ್ ದಾಟಬಾರದು. ಕರೆಂಟಿನ ವೈರಿಗೆ ಒಂದು ಗೇಣಾದರೂ ದೂರವಿಡಬೇಕು. ಬಾವಿಯ ಹಗ್ಗದ ಹಾಗೆ ಜಗ್ಗಬಾರದು, ಮೂಲೆಯಲ್ಲಿ ಮಡಚಬಾರದು, ದುಂಡಗೆ ತಿರುಗಿಸಬೇಕು. ಎಳೆಯುವ ಮೊದಲೇ ಎರಡು ತುದಿಗೂ ಒಂದೇ ನಂಬರು ಅಂಟಿಸಬೇಕು. ಮೊದಲ ದಿನ ನಾನು ಅದನ್ನು ಮರೆತು ಆರು ತುದಿಗಳನ್ನು ಕೈಯಲ್ಲಿ ಹಿಡಿದು, ಯಾವುದು ಯಾರ ಮನೆಯದು ಎಂದು ಕೇಳುವ ಹಾಗೆ ನಿಂತಿದ್ದೆ. ಆಮೇಲೆ ಹೊರಕವಚ ಸುಲಿದು, ಹೆಣಿಕೆಯನ್ನು ಉಗುರಿನಗಲಕ್ಕಿಂತ ಹೆಚ್ಚು ಬಿಚ್ಚದೆ, ತಂತಿಗಳನ್ನು ಸಾಲಾಗಿ ಹಿಡಿದು, ತುದಿ ಸಮ ಕತ್ತರಿಸಿ, ಪ್ಲಗ್ಗಿಗೆ ತೂರಿಸಿ ಇಕ್ಕಳದಿಂದ ಒತ್ತುವುದು. ಕಟ್ ಎಂದು ಶಬ್ದ ಬಂದರೆ ನನಗೆ ಈಗಲೂ ಖುಷಿಯಾಗುತ್ತದೆ.

ಇಲ್ಲಿ ಗೋಡೆ ನೆಲ ದಿನಾ ತೊಳೆಯುತ್ತಾರೆ. ಹಾಗಾಗಿ ಕೇಬಲ್ ಬಂದು ಸೇರುವ ಪೆಟ್ಟಿಗೆಗಳೆಲ್ಲ ಬಾಗಿಲಿಗಿಂತ ಎತ್ತರದಲ್ಲಿವೆ. ಏಣಿಯ ಮೇಲೆ ನಿಂತೇ ಎಲ್ಲ ಕೆಲಸ. ಕೆಳಗೆ ಒಬ್ಬರು ಹಿಡಿದುಕೊಳ್ಳದೆ ಯಾರೂ ಏಣಿ ಹತ್ತುವಂತಿಲ್ಲ, ಅದು ಕಂಪನಿಯ ನಿಯಮ. ಬಣ್ಣ ಬಳಿಯಲು ಬಂದ ಒಬ್ಬ ಹಿರಿಯರು ಮಧ್ಯೆ ಮಧ್ಯೆ ಬಂದು ಹಿಡಿಯುತ್ತಾರೆ. ಹಾಗಾಗಿ ನೀವು ಹೆದರುವುದು ಬೇಡ.

ಪರೀಕ್ಷೆಗೆ ಒಂದು ಟೆಸ್ಟರ್ ಇದೆ. ಎರಡು ಪುಟ್ಟ ಡಬ್ಬಿ, ಒಂದೊಂದು ತುದಿಗೆ ಒಂದೊಂದು. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತಿದರೆ ಲೈನ್ ಸರಿ. ನನ್ನ ಹದಿನಾರಕ್ಕೂ ಎಂಟೆಂಟು ದೀಪ ಹತ್ತಿದವು. ಮೇಲ್ವಿಚಾರಕಿ ಮೇಡಂ ಕನ್ನಡಕ ಏರಿಸಿ ದೀಪ ನೋಡಿ ಸಹಿ ಹಾಕಿದರು.

ನಾನು ಮಾಡಿದ ಒಂದು ಗೇಣಿನ ಕೇಬಲ್ ಜೊತೆಯಲ್ಲಿಟ್ಟಿದ್ದೇನೆ, ಎರಡೂ ಕಡೆ ಪ್ಲಗ್ ಹಾಕಿದ್ದು. ಭೂತಗನ್ನಡಿ ಹಿಡಿದು ತಪ್ಪು ಹುಡುಕಿ, ನಿಮಗೂ ಹೊತ್ತು ಹೋಗುತ್ತದೆ.

ನಿಮ್ಮ ಮೊಂಡಿ


ಜುಲೈ 17

ಮೊಂಡಿಗೆ,

ಭೂತಗನ್ನಡಿ ಹಿಡಿದೇ ನೋಡಿದೆ. ಹೆಣಿಕೆ ಪ್ಲಗ್ಗಿನ ಬಾಯಿಯವರೆಗೂ ಬಂದಿದೆ. ತಾಮ್ರ ಎಲ್ಲೂ ಗೀರಿಲ್ಲ. ಜೋಡಿಗಳು ಅಕ್ಕಪಕ್ಕ ಕೂತಿವೆ. ತಪ್ಪು ಸಿಗಲಿಲ್ಲ.

ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದ್ದೇನೆ. ನಿಮ್ಮಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ. ನಾನು ಬೇಡ ಎನ್ನುವುದಿಲ್ಲ, ಎನ್ನಲು ಆಗುವುದೂ ಇಲ್ಲ.

ಏಣಿ ಹಿಡಿಯುವವನು ಬಣ್ಣದವನು ಎಂದೆ. ಅವನಿಗೆ ಹೇಳು, ಒಂದು ಕಾಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಹಿಡಿಯಬೇಕು, ಕಣ್ಣು ನಿನ್ನ ಮೇಲಿರಬೇಕು, ಬೀದಿಯ ಮೇಲಲ್ಲ. ಹಿಡಿದವನು ಬೀಡಿ ಹಚ್ಚಲು ಹೋದನೆಂದು ಬಿದ್ದವರಿಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಪ್ಪ


ಆಗಸ್ಟ್ 14

ಅಪ್ಪನಿಗೆ,

ಬರೆಯದೆ ತಿಂಗಳಾಯಿತು, ಕ್ಷಮಿಸಿ. ಬರೆಯುವಂಥ ಸುದ್ದಿ ಇರಲಿಲ್ಲ, ಈಗಲೂ ಇಲ್ಲ.

ಇಪ್ಪತ್ತನಾಲ್ಕೂ ಮುಗಿದು, ಆಗಸ್ಟ್ ಒಂದರಂದು ಎಲ್ಲ ಕಂಪ್ಯೂಟರನ್ನೂ ಜೋಡಿಸಿದೆವು. ಗೂಡಿನಲ್ಲಿ ಹಸಿರು ದೀಪಗಳು ಮಿನುಗಿದವು. ಹಿರಿಯ ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತು, "ಇನ್ನು ನಾನು ಮೆಟ್ಲು ಹತ್ತಲ್ಲ" ಎಂದು ಚಪ್ಪಲಿ ಬಿಚ್ಚಿ ಕಾಲು ನೀವಿಕೊಂಡರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ನಾಲ್ಕೇ ದಿನಕ್ಕೆ ಎಲ್ಲ ನೆಲ ಕಚ್ಚಿತು. ಕೆಳಗಿನ ಮಹಡಿ ಚೆನ್ನಾಗಿದೆ. ಎರಡನೆಯದು ಕುಂಟುತ್ತದೆ. ಮೂರನೆಯದರಲ್ಲಿ ಬೆಳಿಗ್ಗೆ ಹತ್ತರ ಮೇಲೆ, ಎಲ್ಲರೂ ಕೆಲಸ ಶುರು ಮಾಡಿ ರೋಗಿಗಳಿಗಷ್ಟೇ ಇಟ್ಟಿರುವ ಲಿಫ್ಟ್ ಓಡತೊಡಗಿದ ಮೇಲೆ, ಫಲಿತಾಂಶ ಅರ್ಧ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಕಳಿಸಿದ್ದು ಸರಿಯಾಗಿ ಬರುತ್ತದೆ, ಕೆಳಗಿನಿಂದ ಅಲ್ಲಿಗೆ ಹೋಗಬೇಕಾದದ್ದು ದಾರಿಯಲ್ಲೇ ಕೆಡುತ್ತದೆ. ಟೆಸ್ಟರ್ ಹಾಕಿದರೆ ಎಂಟೂ ದೀಪ ಹತ್ತುತ್ತವೆ. ಪೆಟ್ಟಿಗೆ ಬದಲಾಯಿಸಿದೆ, ಕಂಪ್ಯೂಟರು ಅದಲು ಬದಲು ಮಾಡಿದೆ, ಏನು ಮಾಡಿದರೂ ಅದೇ ಪಾಡು.

ನರ್ಸಮ್ಮ ಮತ್ತೆ ಚೀಟಿ ಹಿಡಿದು ಹತ್ತುತ್ತಿದ್ದಾರೆ. ನನ್ನನ್ನು ದಾಟಿ ಹೋಗುವಾಗ ಬೈಯುವುದಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೇಡಂ ಸೆಪ್ಟೆಂಬರ್ ಇಪ್ಪತ್ತೈದರವರೆಗೆ ಸಮಯ ಕೊಟ್ಟಿದ್ದಾರೆ. ಆಗಲೂ ಸರಿಹೋಗದಿದ್ದರೆ ಬೇರೆಯವರನ್ನು ಕಳಿಸುತ್ತಾರೆ, ನಾನು ಪೆಟ್ಟಿಗೆ ಕಟ್ಟಬೇಕು.

ನಿಮಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ಲೈನಿನ ವಿಷಯ ನಿಮ್ಮನ್ನಲ್ಲದೆ ಇನ್ಯಾರನ್ನು ಕೇಳಲಿ?

ಮೊಂಡಿ


ಆಗಸ್ಟ್ 20

ಮೊಂಡಿಗೆ,

ಅಳುತ್ತಾ ಕೂರಬೇಡ. ಲೈನ್ ಕೆಟ್ಟರೆ ಕಾರಣ ಇದ್ದೇ ಇರುತ್ತದೆ, ದೆವ್ವ ಬಂದು ಕೆಡಿಸುವುದಿಲ್ಲ.

ನೀನು ಹೇಳಿದ್ದನ್ನು ಸ್ಲೇಟಿನ ಮೇಲೆ ಬರೆದುಕೊಂಡು ಎರಡು ದಿನ ನೋಡಿದೆ. ಮೂರನೇ ಮಹಡಿಯ ಕಂಪ್ಯೂಟರಿಗೆ ಬಾಯಿ ಇದೆ, ಕಿವಿ ಇಲ್ಲ. ನನಗೆ ಕಿವಿ ಇದೆ, ಬಾಯಿ ಇಲ್ಲ. ನಮ್ಮಿಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಿದರೆ ಪೂರ್ತಿ ಒಬ್ಬ ಆಗುತ್ತೇವೆ.

ಈಗ ಕೇಳು. ಹತ್ತಿರದ ಲೈನ್ ಸರಿ, ದೂರದ್ದು ಕೆಡುತ್ತದೆ ಎಂದರೆ ತಂತಿ ತುಂಡಾಗಿಲ್ಲ. ಲಿಫ್ಟ್ ಓಡಿದಾಗ ಕೆಡುತ್ತದೆ ಎಂದರೆ ಹೊರಗಿನ ಗದ್ದಲ ಒಳಗೆ ನುಗ್ಗುತ್ತಿದೆ. ಹೆಣಿಕೆ ಸರಿಯಿದ್ದರೆ ನುಗ್ಗುವುದಿಲ್ಲ. ಎಲ್ಲೋ ಜೋಡಿ ಒಡೆದಿದೆ. ಟೆಸ್ಟರಿಗೆ ಅದು ಗೊತ್ತಾಗುವುದಿಲ್ಲ, ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ ಅದು ನೋಡುತ್ತದೆ. ಯಾರ ಜೊತೆಗೆ ಬಂತು ಎಂದು ಕೇಳುವುದಿಲ್ಲ.

ಬಣ್ಣದವನೋ, ಆ ಊರು ಬಿಟ್ಟು ಹೋದ ಜೊತೆಗಾರನೋ, ಯಾರೋ ಕೈಯಾಡಿಸಿದ್ದಾರೆ. ಜೋಡಿ ಒಡೆದವನನ್ನು ಹಿಡಿ. ಹಿಡಿದ ಮೇಲೆ ನನಗೆ ಬರೆ. ಅವನಿಗೆ ನಾನು ಹೇಳಬೇಕಾದ ಎರಡು ಮಾತಿವೆ, ಅಷ್ಟಕ್ಕೆ ಸ್ಲೇಟು ಸಾಕು.

ನೀನು ಸೋತು ಮನೆಗೆ ಬರಲಿ ಎಂದು ನಾನು ಕಾಯುತ್ತಿದ್ದೇನೆ ಎಂದು ತಿಳಿಯಬೇಡ. ಮೊದಲು ಹಾಗೆ ಇದ್ದದ್ದು ನಿಜ. ಈಗ ಹಾಗಿಲ್ಲ.

ಅಪ್ಪ


ಸೆಪ್ಟೆಂಬರ್ 2

ಅಪ್ಪನಿಗೆ,

ಕಾರಣ ಸಿಕ್ಕಿತು. ಮೇಡಂ ದೊಡ್ಡ ಕಚೇರಿಯಿಂದ ಒಂದು ದುಬಾರಿ ಮೀಟರ್ ತರಿಸಿ ನೋಡಿದರು. ಪ್ಲಗ್ಗುಗಳ ಒಂದು ಪೆಟ್ಟಿಗೆಯೇ ಕೆಟ್ಟಿತ್ತಂತೆ. ನಲವತ್ತೆಂಟು ತುದಿಯನ್ನೂ ಕತ್ತರಿಸಿ ಹೊಸದಾಗಿ ಹಾಕಬೇಕು. ಯಾರ ತಪ್ಪೂ ಇಲ್ಲ.

ಕೆಲಸ ಜಾಸ್ತಿ, ಸ್ವಲ್ಪ ದಿನ ಬರೆಯಲಾಗುವುದಿಲ್ಲ. ನೀವು ತಲೆ ಕೆಡಿಸಿಕೊಳ್ಳಬೇಡಿ. ಆ ಮೊಳೆಗೆ ಹಾಕಿದ ಕೇಬಲ್ ತೆಗೆದು ಎಸೆದುಬಿಡಿ, ಅದೂ ಅದೇ ಪೆಟ್ಟಿಗೆಯ ಪ್ಲಗ್ಗು.

ಮೊಂಡಿ


ಸೆಪ್ಟೆಂಬರ್ 7

ಆಸ್ಪತ್ರೆ ಕೆಲಸದ ಮೇಲ್ವಿಚಾರಕರಿಗೆ,

ನಾನು ನಿಮ್ಮಲ್ಲಿ ಕೆಲಸಕ್ಕಿರುವ ಹುಡುಗಿಯ ತಂದೆ. ನನಗೆ ಮಾತು ಬರುವುದಿಲ್ಲ, ಹಾಗಾಗಿ ಫೋನಿನ ಬದಲು ಈ ಪತ್ರ. ಆಕೆಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಪ್ಲಗ್ಗುಗಳ ಪೆಟ್ಟಿಗೆ ಕೆಟ್ಟಿತ್ತು ಎಂದು ಮಗಳು ಬರೆದಿದ್ದಾಳೆ. ಒಂದೇ ಪೆಟ್ಟಿಗೆಯ ಪ್ಲಗ್ಗು ಕೆಳಗಿನ ಮಹಡಿಯಲ್ಲಿ ಒಳ್ಳೆಯದಾಗಿ ಮೇಲಿನ ಮಹಡಿಯಲ್ಲಿ ಕೆಟ್ಟದಾಗುವುದು ಹೇಗೆ? ಅವಳಿಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳಲು ಬರುವುದಿಲ್ಲ. ಎಸೆಯಿರಿ ಎಂದ ಕೇಬಲನ್ನು ಮೊಳೆಯಿಂದ ತೆಗೆದುಕೊಂಡು, ಮೂರು ತಿಂಗಳಲ್ಲಿ ಮೊದಲ ಸಲ ಮನೆಯಿಂದ ಹೊರಗೆ ಬಂದೆ. ನಮ್ಮ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ಕಲಿಸುವ ಒಂದು ಅಂಗಡಿ ಇದೆ. ಅಲ್ಲಿ ಕಲಿಸುವಾಕೆಯ ಮುಂದೆ ಕೇಬಲ್ ಇಟ್ಟು, ಏನು ತಪ್ಪು ಎಂದು ಸ್ಲೇಟಿನಲ್ಲಿ ಬರೆದೆ. ಆಕೆ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ.

ಆಕೆ ಹೇಳಿದ್ದು ಇಷ್ಟು. ಕಂಪ್ಯೂಟರು ಮಾತಾಡುವುದು ಒಂದು ಮತ್ತು ಎರಡನೆಯ ತಂತಿಯಲ್ಲಿ. ಕೇಳುವುದು ಮೂರು ಮತ್ತು ಆರನೆಯ ತಂತಿಯಲ್ಲಿ. ಮೂರು ಮತ್ತು ನಾಲ್ಕಲ್ಲ, ಮೂರು ಮತ್ತು ಆರು. ಹಾಗಾಗಿ ಹಸಿರು ಜೋಡಿ ನಡುವೆ ನೀಲಿಯನ್ನು ಬಿಟ್ಟು ದೂರ ಕೂರಬೇಕು. ನಾನು ಹೇಳಿಕೊಟ್ಟ ಸಾಲಿನಲ್ಲಿ ಮೂರನೆಯ ಜಾಗಕ್ಕೆ ಬಂದದ್ದು ಕಿತ್ತಳೆಯ ಬಿಳಿ, ಆರನೆಯ ಜಾಗಕ್ಕೆ ಹಸಿರು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಇಬ್ಬರು. ಜೋಡಿಯನ್ನು ಒಡೆಯಬೇಡ ಎಂದು ಹೇಳುತ್ತಲೇ ಇಪ್ಪತ್ತನಾಲ್ಕು ಲೈನಿನಲ್ಲೂ ಜೋಡಿ ಒಡೆಸಿದವನು ನಾನು. ಅಕ್ಕಪಕ್ಕ ಕೂತದ್ದೇ ಜೋಡಿ ಎಂದುಕೊಂಡಿದ್ದೆ. ಒಂದೇ ಮಾತನ್ನು ಯಾವೆರಡು ಹೊರುತ್ತವೋ ಅವು ಜೋಡಿ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ನಿಮ್ಮ ಗೋಡೆಯ ಚಾರ್ಟು ಸರಿಯಾಗಿಯೇ ಇತ್ತು. ಮಗಳು ಅದನ್ನು ನೋಡಿ ಅನುಮಾನಪಟ್ಟು ನನ್ನನ್ನು ಕೇಳಿದ್ದಳು. ಅಚ್ಚಿನ ತಪ್ಪು ಎಂದು ಬರೆದವನು ನಾನು. ಜೋಡಿ ಒಡೆದವನನ್ನು ಹಿಡಿ ಎಂದು ಬರೆದವನೂ ನಾನೇ. ಹಿಡಿದಿದ್ದೇನೆ. ಆ ಪತ್ರ ಓದುವಾಗ ಅವಳಿಗೆ ಹೇಗಾಗಿರಬೇಕು ಎಂದು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಶಿಕ್ಷೆ ಏನಿದ್ದರೂ ನನ್ನ ಪಾಲಿಗೆ ಬರಲಿ. ಅವಳನ್ನು ಕೆಲಸದಿಂದ ತೆಗೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ನಿವೃತ್ತ ಟೆಲಿಫೋನ್ ಲೈನ್‌ಮನ್


ಸೆಪ್ಟೆಂಬರ್ 11

ಲೈನ್‌ಮನ್ನರಿಗೆ ನಮಸ್ಕಾರ,

ಪತ್ರ ಓದಿದೆ. ಮೂರು ವಿಷಯ ನಿಮಗೆ ತಿಳಿಸಬೇಕು.

ಮೀಟರ್ ತಪ್ಪು ತೋರಿಸಿದ ದಿನ, ಈ ಸಾಲು ಯಾರು ಹೇಳಿಕೊಟ್ಟರು ಎಂದು ನಿಮ್ಮ ಮಗಳನ್ನು ನಾನು ಎಲ್ಲರ ಮುಂದೆಯೇ ಕೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. "ಯಾರೂ ಇಲ್ಲ ಮೇಡಂ, ಚಾರ್ಟ್ ನೋಡ್ದೇನೇ ಮಾಡ್ದೆ, ತಪ್ಪು ನಂದೇ" ಎಂದಳು. ಅದೇ ಮಾತನ್ನು ಬರೆದು ಸಹಿ ಹಾಕಿಕೊಟ್ಟಿದ್ದಾಳೆ.

ಎರಡನೆಯದು, ದೀಪ ನೋಡಿ ಸಹಿ ಹಾಕಿದವಳು ನಾನು. ಒಂದು ಪ್ಲಗ್ಗನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದ್ದರೆ ಮೊದಲ ದಿನವೇ ಸಿಕ್ಕುತ್ತಿತ್ತು. ಹಾಗಾಗಿ ಶಿಕ್ಷೆಗೆ ನಿಮ್ಮ ಹಿಂದೆ ನಾನೂ ಸಾಲಿನಲ್ಲಿ ನಿಂತಿದ್ದೇನೆ.

ಮೂರನೆಯದು ಕಷ್ಟದ್ದು. ಇಪ್ಪತ್ತೈದನೇ ತಾರೀಕಿನೊಳಗೆ ಮುಗಿಯಲೇಬೇಕು. ಅದು ನನ್ನ ಕೈಯಲ್ಲಿಲ್ಲ. ಆಸ್ಪತ್ರೆಯವರು ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಲೈನ್ ಬಿಚ್ಚಲು ಬಿಡುತ್ತಾರೆ. ಬಣ್ಣ ಬಳಿಯುವವರು ಕೆಲಸ ಮುಗಿಸಿ ಹೋಗಿದ್ದಾರೆ. ಗೇಟಿನವನು ಗೇಟು ಬಿಟ್ಟು ಬರುವಂತಿಲ್ಲ. ನನ್ನ ಬಳಿ ಬೇರೆ ಜನವಿಲ್ಲ, ಮಧ್ಯಾಹ್ನ ನಾನು ಇನ್ನೊಂದು ಕಡೆಯ ಕೆಲಸ ನೋಡಲು ಹೋಗಬೇಕು. ಕೆಳಗೆ ಹಿಡಿಯುವವರಿಲ್ಲದೆ ಅವಳನ್ನು ಏಣಿ ಹತ್ತಿಸಲು ನಾನು ಒಪ್ಪುವುದಿಲ್ಲ. ನಾಲ್ಕು ದಿನದಿಂದ ಆಕೆ ಏಣಿಯ ಪಕ್ಕದಲ್ಲಿ ಇಕ್ಕಳ ಹಿಡಿದು ಸುಮ್ಮನೆ ನಿಂತಿದ್ದಾಳೆ.

ಇದಕ್ಕಿಂತ ಹೆಚ್ಚು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಊರಿನಿಂದ ಇಲ್ಲಿಗೆ ಬೆಳಿಗ್ಗೆ ಆರಕ್ಕೆ ಒಂದು ಬಸ್ಸಿದೆ ಎಂದು ಕೇಳಿದ್ದೇನೆ.

ಮೇಲ್ವಿಚಾರಕಿ


ಸೆಪ್ಟೆಂಬರ್ 30

ಅಪ್ಪನಿಗೆ,

ನೀವು ಬಸ್ಸು ಹತ್ತಿದ ಮೇಲೆ ಆದದ್ದನ್ನು ಬರೆಯುತ್ತೇನೆ. ಅದಕ್ಕೆ ಮೊದಲು, ನೀವು ಇಲ್ಲಿದ್ದಾಗ ನಾನು ಬಾಯಿಬಿಟ್ಟು ಹೇಳದ್ದನ್ನು ಬರೆಯಬೇಕು.

ಹದಿಮೂರನೇ ತಾರೀಕು ಎರಡು ಗಂಟೆಗೆ, ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕಂಕುಳಲ್ಲಿ ಸ್ಲೇಟಿಟ್ಟುಕೊಂಡು ನೀವು ಮೂರನೇ ಮಹಡಿಯ ಮೆಟ್ಟಿಲು ಹತ್ತಿ ಬಂದಿರಿ. ನಾನು ಇಕ್ಕಳ ಕೆಳಗಿಟ್ಟೆ. ನೀವು ಸ್ಲೇಟಿನಲ್ಲಿ ಬರೆದದ್ದು "ಎಷ್ಟು ಉಳಿದಿದೆ?" ಎಂದಷ್ಟೇ. ನಾನು "ಇಪ್ಪತ್ತನಾಲ್ಕು" ಎಂದೆ. ಕೆಳಗಿನ ಗೂಡಿನೊಳಗೆ ನಿಂತು ಮುಟ್ಟುವಂಥ ಇಪ್ಪತ್ತನಾಲ್ಕು ತುದಿಗಳಷ್ಟೇ ಆಗಿದ್ದವು. ನೀವು ಸ್ಲೇಟು ಗೋಡೆಗೆ ಒರಗಿಸಿ, ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲಿಟ್ಟು ಏಣಿ ಹಿಡಿದಿರಿ.

ನಿಮಗೆ ಹೇಳಲಿಲ್ಲ, ಮೊದಲ ಪ್ಲಗ್ಗು ಒತ್ತುವಾಗ ನನಗೆ ಬಣ್ಣಗಳೇ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಮೇಲೆ ನಿಂತು ನಾನು "ಕಿತ್ತಳೆಯ ಬಿಳಿ, ಕಿತ್ತಳೆ, ಹಸಿರಿನ ಬಿಳಿ, ನೀಲಿ, ನೀಲಿಯ ಬಿಳಿ, ಹಸಿರು, ಕಂದಿನ ಬಿಳಿ, ಕಂದು" ಎಂದು ಗಟ್ಟಿಯಾಗಿ ಹೇಳುವುದು, ನೀವು ಕೆಳಗೆ ಚಾರ್ಟು ನೋಡಿ ಸರಿಯಿದ್ದರೆ ಏಣಿಗೆ ಬೆರಳಿನಿಂದ ಒಂದು ಸಲ ತಟ್ಟುವುದು, ತಪ್ಪಿದ್ದರೆ ಎರಡು. ಏಳು ದಿನದಲ್ಲಿ ಒಂದೇ ಸಲ ಎರಡು ತಟ್ಟಿದಿರಿ. ಅದೂ ಸರಿಯಾಗಿತ್ತು, ನೀಲಿಯನ್ನು ನಾನು ಹಿಂದುಮುಂದು ಹಿಡಿದಿದ್ದೆ.

ಪ್ಲಗ್ಗಿನ ಪೆಟ್ಟಿಗೆ ಕೆಟ್ಟಿತ್ತು ಎಂದು ಸುಳ್ಳು ಬರೆದದ್ದಕ್ಕೆ ಕ್ಷಮಿಸಿ. ಮಾತು ಹೋದ ಮೇಲೆ ನಿಮಗೆ ಉಳಿದದ್ದು ಆ ಮೂವತ್ತೊಂದು ವರ್ಷದ ಹೆಮ್ಮೆ ಒಂದೇ ಎಂದುಕೊಂಡಿದ್ದೆ. ಅದನ್ನು ನಾನು ಕಿತ್ತುಕೊಳ್ಳಬಾರದು ಎನಿಸಿತು. ಮೇಡಂ ನಿಮ್ಮ ಪತ್ರವನ್ನು ನೀವು ಹೋದ ಮೇಲೆ ತೋರಿಸಿದರು.

ಇಪ್ಪತ್ತೈದಕ್ಕೆ ದೊಡ್ಡ ಮೀಟರ್ ತಂದು ಇಪ್ಪತ್ತನಾಲ್ಕು ಲೈನನ್ನೂ ನೋಡಿದರು. ಎಲ್ಲ ಪಾಸು. ಮರುದಿನ ಬೆಳಿಗ್ಗೆ ಲಿಫ್ಟ್ ಓಡುತ್ತಿರುವಾಗಲೇ ಲ್ಯಾಬಿನಿಂದ ಫಲಿತಾಂಶಗಳು ಒಂದರ ಹಿಂದೊಂದು ಮೇಲಕ್ಕೆ ಬಂದವು. ಹಿರಿಯ ನರ್ಸಮ್ಮ ಈ ಸಲ ಚಪ್ಪಲಿ ಬಿಚ್ಚಲಿಲ್ಲ, ನಾಲ್ಕು ದಿನ ಕಾದು ನೋಡುತ್ತೇನೆ ಎಂದರು. ನಿನ್ನೆ ಬಿಚ್ಚಿದರು. ಏಣಿ ಹಿಡಿದಿದ್ದ ಆ ಸುಮ್ಮನಿರುವ ಮನುಷ್ಯ ಯಾರು ಎಂದು ಕೇಳಿದರು. ನಮ್ಮಪ್ಪ, ಲೈನ್‌ಮನ್ ಎಂದೆ.

ಇವತ್ತು ಮೇಡಂ ಖಾಯಂ ಆದ ಕಾಗದ ಕೊಟ್ಟರು. ನವೆಂಬರಿನಲ್ಲಿ ಒಂದು ಶಾಲೆಯ ಕೆಲಸ. ಈ ಸಲ ಚಾರ್ಟನ್ನು ಇಕ್ಕಳದ ಚೀಲದಲ್ಲೇ ಇಟ್ಟುಕೊಳ್ಳುತ್ತೇನೆ.

ನಿಮ್ಮ ಮೊಂಡಿ


ಅಕ್ಟೋಬರ್ 6

ಮಗಳೇ,

ಕಾಗದವನ್ನು ನಿಮ್ಮಮ್ಮ ಗಟ್ಟಿಯಾಗಿ ಓದಿದಳು. ಪಕ್ಕದ ಮನೆಯವರಿಗೂ ಕೇಳಿಸಲಿ ಎಂದು ಕಿಟಕಿ ತೆಗೆದಿಟ್ಟಿದ್ದಳು.

ಮೊಳೆಗಿದ್ದ ಹಳೆಯ ಕೇಬಲನ್ನು ಎಸೆದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ತೂಗುತ್ತಿದೆ, ಸರಿಯಾದ ಸಾಲಿನದು. ಅಂಗಡಿಯಲ್ಲಿ ಕಲಿಸುವಾಕೆ ಕೊಟ್ಟ ತುಂಡಿಗೆ ನಾನೇ ಪ್ಲಗ್ ಹಾಕಿದೆ. ನಾಲ್ಕು ಪ್ಲಗ್ಗು ಹಾಳಾದವು. ಈಗ ದಿನಾ ಸಂಜೆ ಅಲ್ಲಿಗೆ ಹೋಗುತ್ತೇನೆ. ಕಿರುಚಿ ಮಾತಾಡುವವರಿಗೆ ತೋರಿಸಲು, ಕಿವಿ ಚೆನ್ನಾಗಿದೆ ಎಂದು ಸ್ಲೇಟಿನ ಮೂಲೆಯಲ್ಲಿ ಖಾಯಂ ಆಗಿ ಬರೆದಿಟ್ಟಿದ್ದೇನೆ.

ನೀನೂ ನಾನೂ ಕೆದಕದೆ ಬಿಟ್ಟ ಒಂದು ವಿಷಯ ಉಳಿದಿದೆ. ಆಪರೇಷನ್ನಿಗೆ ಎರಡು ದಿನ ಮೊದಲು, ಈ ಕೆಲಸ ಸಿಕ್ಕಿದೆ ಎಂದು ನೀನು ನಗುತ್ತಾ ಬಂದು ಹೇಳಿದಾಗ ನಾನು ಅಂದದ್ದು, "ಹೋಗೋದಾದ್ರೆ ಹೋಗು. ನಿನ್ನ ಏಣಿ ಹಿಡಿಯೋಕೆ ನಾನು ಬರಲ್ಲ." ನೀನು ಒಳಗೆ ಹೋದೆ. ಆಮೇಲೆ ಡಾಕ್ಟರು ಗಂಟಲು ತೆಗೆದರು. ನನ್ನ ದನಿಯಲ್ಲಿ ನೀನು ಕೇಳಿದ ಕೊನೆಯ ಮಾತು ಅದು. ನೀನು ಹೊರಟ ದಿನ ಗೋಡೆಯ ಕಡೆ ತಿರುಗಿ ಮಲಗಿದ್ದದ್ದು ಕೋಪಕ್ಕಲ್ಲ, ನಿನ್ನ ಮುಖ ನೋಡಲಾಗದೆ.

ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೂ ಗಂಟಲು ಬೇಕು. ನನಗೆ ಅದಿಲ್ಲ. ಅದಕ್ಕೇ ಬಂದು ಹಿಡಿದೆ.

ನವೆಂಬರಿನ ಶಾಲೆಗೆ ಎಷ್ಟು ಮಹಡಿ, ಬಸ್ಸು ಎಷ್ಟು ಗಂಟೆಗೆ, ಬರೆ.

ಏಣಿ ಹಿಡಿಯುವ ನಿನ್ನ
ಅಪ್ಪ